ಎಲ್ಲ 68 ಒಂದೇ ಅಲ್ಲ: ರೋಡ್ ಬೈಕ್‌ಗೆ ಹೊಂದುವ ಬಾಟಮ್ ಬ್ರ್ಯಾಕೆಟ್, ಕ್ರ್ಯಾಂಕ್‌ಸೆಟ್ ಆರಿಸುವುದು ಹೇಗೆ?

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರಕ್ಕೆ ಸುಮಾರು 35 ಕಿ.ಮೀ. ಹೋಗಿ ಬಂದರೆ 70. ಗಂಟೆಗೆ 25 ಕಿ.ಮೀ. ವೇಗದಲ್ಲಿ, ನಿಮಿಷಕ್ಕೆ 80 ಸುತ್ತಿನಂತೆ ಪೆಡಲ್ ತುಳಿದರೆ ಈ ಒಂದು ಸವಾರಿಯಲ್ಲಿ ಕಾಲು 13 ಸಾವಿರಕ್ಕೂ ಹೆಚ್ಚು ಸಲ ಸುತ್ತುತ್ತದೆ. ಅಷ್ಟೂ ಸುತ್ತಿನ ಭಾರ ಹೊರುವುದು ಫ್ರೇಮಿನ ಹೊಟ್ಟೆಯೊಳಗೆ ಅಡಗಿ ಕುಳಿತ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಭಾಗ: ಬಾಟಮ್ ಬ್ರ್ಯಾಕೆಟ್. ಸೈಕಲ್ ಅಂಗಡಿಯ ಭಾಷೆಯಲ್ಲಿ ಬಿಬಿ.

ಸೈಕಲ್ಲಿನಲ್ಲಿ ಇಷ್ಟು ಗೊಂದಲ ಹುಟ್ಟಿಸುವ ಭಾಗ ಇನ್ನೊಂದಿಲ್ಲ. ಟೈರ್ ಸವೆದರೆ ಅದರ ಮೇಲೆ ಬರೆದ ಅಳತೆ ನೋಡಿ ಹೊಸದನ್ನು ತರಬಹುದು. ಬಿಬಿ ಸವೆದರೆ ಹಾಗಲ್ಲ. ‘ರೋಡ್ ಬೈಕ್‌ಗೆ, 68 ಮಿ.ಮೀ.’ ಎಂದು ನೋಡಿ ಆನ್‌ಲೈನ್‌ನಲ್ಲಿ ತರಿಸಿದ ಭಾಗ ಫ್ರೇಮಿಗೆ ಕೂರದಿರಬಹುದು, ಫ್ರೇಮಿಗೆ ಕೂತರೂ ಕ್ರ್ಯಾಂಕ್‌ಗೆ ಹೊಂದದಿರಬಹುದು, ಎರಡಕ್ಕೂ ಹೊಂದಿದರೂ ಚೈನು ವಾರೆಯಾಗಿ ಓಡಬಹುದು. ಬೆಂಗಳೂರಿನಲ್ಲಾದರೆ ಹತ್ತಿರದ ವರ್ಕ್‌ಶಾಪಿಗೆ ಹೋಗಿ ಬದಲಿಸಿಕೊಂಡು ಬರಬಹುದು. ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿ.ಮೀ., ಬೆಂಗಳೂರು ಸುಮಾರು 600 ಕಿ.ಮೀ. ತಪ್ಪು ಭಾಗ ತರಿಸಿದರೆ ಹಣ ಹೋಗುತ್ತದೆ. ಅದನ್ನು ಬಲವಂತವಾಗಿ ಕೂರಿಸಿದರೆ ಫ್ರೇಮೇ ಹೋಗುತ್ತದೆ.

ಹಾಗೆಂದು ಇದೇನೂ ಬಿಡಿಸಲಾಗದ ಒಗಟಲ್ಲ. ಎಲ್ಲಿ, ಯಾವ ಕ್ರಮದಲ್ಲಿ ಅಳೆಯಬೇಕು ಎಂದು ಗೊತ್ತಿದ್ದರೆ ಕೆಲವೇ ಅಳತೆಗಳಲ್ಲಿ ಉತ್ತರ ಸಿಗುತ್ತದೆ.

ಮೊದಲಿಗೆ ಮೂರು ಹೆಸರು

ಫ್ರೇಮಿನ ಕೆಳಗೆ, ಸೀಟಿನ ಕೊಳವೆ ಮತ್ತು ಮುಂದಿನಿಂದ ಇಳಿದು ಬರುವ ಕೊಳವೆ ಕೂಡುವ ಜಾಗದಲ್ಲಿ ಅಡ್ಡವಾಗಿ ಒಂದು ಗಿಡ್ಡ ಕೊಳವೆ ಇರುತ್ತದೆ. ಇದು ಶೆಲ್. ಶೆಲ್ಲಿನೊಳಗೆ ಎರಡೂ ಬದಿಯಿಂದ ಕೂರುವ ಕಪ್ ಮತ್ತು ಬೇರಿಂಗ್‌ಗಳ ಜೋಡಿಯೇ ಬಾಟಮ್ ಬ್ರ್ಯಾಕೆಟ್. ಬೇರಿಂಗ್‌ಗಳ ನಡುವೆ ಹಾದುಹೋಗುವ ಅಚ್ಚು ಎಕ್ಸಲ್. ಎಕ್ಸಲ್‌ನ ಎರಡು ತುದಿಗೆ ಕ್ರ್ಯಾಂಕ್ ತೋಳುಗಳು, ಬಲತೋಳಿಗೆ ಹಲ್ಲುಗಳಿರುವ ಚೈನ್‌ರಿಂಗ್‌ಗಳು. ನಮ್ಮ ಅಂಗಡಿಗಳಲ್ಲಿ ಚೈನ್‌ವೀಲ್ ಎನ್ನುವುದು ಇದನ್ನೇ. ತೋಳು ಮತ್ತು ರಿಂಗ್ ಸೇರಿದರೆ ಕ್ರ್ಯಾಂಕ್‌ಸೆಟ್.

ಹಳೆಯ ಭಾರದ ಸೈಕಲ್ಲುಗಳಲ್ಲಿ ಕ್ರ್ಯಾಂಕ್ ಅನ್ನು ಎಕ್ಸಲ್‌ಗೆ ಕಾಟರ್ ಪಿನ್ ಬಡಿದು ಕೂರಿಸುತ್ತಿದ್ದರು. ಊರಿನ ಯಾವ ಸೈಕಲ್ ಅಂಗಡಿಯವರಿಗೂ ಆ ಕೆಲಸ ಕಣ್ಣು ಮುಚ್ಚಿಕೊಂಡು ಮಾಡುವಷ್ಟು ರೂಢಿ. ರೋಡ್ ಬೈಕ್‌ನಲ್ಲಿ ಪಿನ್ ಇಲ್ಲ. ಸುತ್ತಿಗೆಗೂ ಅಲ್ಲಿ ಕೆಲಸವಿಲ್ಲ. ಪಿನ್ ಹೋದ ಮೇಲೆ ಅದರ ಜಾಗಕ್ಕೆ ಒಂದಲ್ಲ, ಹತ್ತಾರು ವಿಧಾನಗಳು ಬಂದವು. ಗೊಂದಲ ಶುರುವಾಗುವುದು ಇಲ್ಲಿಂದಲೇ.

ಅಳತೆ ಒಂದು: ಶೆಲ್ ಏನು ಹೇಳುತ್ತದೆ?

ಕ್ರ್ಯಾಂಕ್ ಬದಲಿಸಬಹುದು, ಬಿಬಿ ಬದಲಿಸಬಹುದು, ಶೆಲ್ ಬದಲಿಸಲಾಗದು. ಅದು ಫ್ರೇಮಿನ ಅಂಗ. ಹಾಗಾಗಿ ಆಯ್ಕೆ ಯಾವಾಗಲೂ ಶೆಲ್ಲಿನಿಂದ ಆರಂಭವಾಗಬೇಕು. ಆಫರ್‌ನಲ್ಲಿ ಸಿಕ್ಕ ಚಂದದ ಕ್ರ್ಯಾಂಕ್‌ಸೆಟ್ ಮೊದಲು ಕೊಂಡು, ಆಮೇಲೆ ಅದಕ್ಕೆ ಫ್ರೇಮ್ ಹೊಂದುತ್ತದೆಯೇ ಎಂದು ಹುಡುಕುವುದು ಚಪ್ಪಲಿ ಕೊಂಡು ಕಾಲು ಹುಡುಕಿದಂತೆ.

ಶೆಲ್‌ಗಳಲ್ಲಿ ಎರಡು ದೊಡ್ಡ ಕುಲಗಳಿವೆ. ಒಳಗೋಡೆಯಲ್ಲಿ ಥ್ರೆಡ್ ಇರುವುದು ಒಂದು, ನುಣ್ಣಗಿದ್ದು ಬೇರಿಂಗನ್ನು ಒತ್ತಿ ಕೂರಿಸುವ ಪ್ರೆಸ್‌ಫಿಟ್ ಇನ್ನೊಂದು. ಕಪ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಯಾವುದೆಂದು ತಿಳಿಯುತ್ತದೆ. ಬಿಚ್ಚದೆಯೂ ಊಹಿಸಬಹುದು. ಕಪ್‌ನ ಅಂಚಿನಲ್ಲಿ ಪಾನಾ ಹಿಡಿಯಲು ಕಚ್ಚುಗಳಿದ್ದರೆ ಬಹುತೇಕ ಥ್ರೆಡ್ ಇರುವುದೇ.

ಥ್ರೆಡ್ ಇರುವ ಶೆಲ್‌ಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಬಿಎಸ್ಎ. ಈ ಮೂರಕ್ಷರ ನಮ್ಮಲ್ಲಿ ಯಾರಿಗೂ ಹೊಸದಲ್ಲ. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಎಂಬ ಇಂಗ್ಲೆಂಡಿನ ಕಂಪನಿ 1861ರಲ್ಲಿ ಬಂದೂಕು ತಯಾರಕರಿಂದ ಆರಂಭವಾಯಿತು. ಮುಂದೆ ಅದು ಸೈಕಲ್ ಭಾಗಗಳನ್ನೂ ಮಾಡಿ ಇತರ ತಯಾರಕರಿಗೆ ಮಾರಿತು. ಅದರ ಥ್ರೆಡ್ ಅಳತೆ ಜಗತ್ತಿನ ರೂಢಿಯಾಯಿತು. 1949ರಲ್ಲಿ ಮದರಾಸಿನಲ್ಲಿ ಶುರುವಾದ ಟಿಐ ಸೈಕಲ್ಸ್ ಸಂಸ್ಥೆಯ ಹರ್ಕ್ಯುಲಿಸ್, ಬಿಎಸ್ಎ ಸೈಕಲ್ಲುಗಳ ಮೂಲಕ ಅದೇ ಹೆಸರು ನಮ್ಮ ಊರೂರಿನ ಓಣಿಗಳಿಗೂ ಬಂತು. ಬಿಬಿಯ ಮಾತಿನಲ್ಲಿ ಬಿಎಸ್ಎ ಎಂದರೆ ಸೈಕಲ್ಲಿನ ಬ್ರ್ಯಾಂಡ್ ಅಲ್ಲ, ಥ್ರೆಡ್‌ನ ಹೆಸರು: ವ್ಯಾಸ 1.37 ಇಂಚು, ಒಂದು ಇಂಚಿಗೆ 24 ಸುತ್ತು. ರೋಡ್ ಬೈಕ್‌ನಲ್ಲಿ ಇಂಥ ಶೆಲ್‌ನ ಅಗಲ 68 ಮಿ.ಮೀ.

ಇದರ ಸೋದರನಂತೆ ಕಾಣುವುದು ಇಟಾಲಿಯನ್ ಥ್ರೆಡ್. ಅಗಲ 70 ಮಿ.ಮೀ., ವ್ಯಾಸ 36 ಮಿ.ಮೀ. ಅಗಲದಲ್ಲಿ ವ್ಯತ್ಯಾಸ ಎರಡೇ ಮಿ.ಮೀ. ಆದರೂ ಒಂದರ ಕಪ್ ಇನ್ನೊಂದಕ್ಕೆ ಕೂರದು. ಸ್ಕೂಲ್ ಸ್ಕೇಲಿನಿಂದ ಅಳೆದರೆ ಮೋಸ ಹೋಗುವ ಸಾಧ್ಯತೆ ಇರುವುದರಿಂದ ವರ್ನಿಯರ್ ಕ್ಯಾಲಿಪರ್ ಬಳಸಿ. ಹಳೆಯ ಇಟಾಲಿಯನ್ ಉಕ್ಕಿನ ಫ್ರೇಮ್‌ಗಳನ್ನು ಬಿಟ್ಟರೆ ಇದು ಸಿಗುವುದು ಕಡಿಮೆ.

ಪ್ರೆಸ್‌ಫಿಟ್ ಕುಲದಲ್ಲಿ ಎರಡು ಸಂಖ್ಯೆ ಬೇಕು: ಶೆಲ್‌ನ ಅಗಲ ಮತ್ತು ಒಳವ್ಯಾಸ. ಮುಖ್ಯವಾದವು ಇಷ್ಟು.

- ಬಿಬಿ30: ಅಗಲ 68, ಒಳವ್ಯಾಸ 42 ಮಿ.ಮೀ. ಕ್ಯಾನನ್‌ಡೇಲ್ ಕಂಪನಿ ಆರಂಭಿಸಿದ್ದು. ಬೇರಿಂಗ್ ನೇರವಾಗಿ ಫ್ರೇಮಿಗೆ ಕೂರುತ್ತದೆ.
- ಪಿಎಫ್30: ಅಗಲ 68, ಒಳವ್ಯಾಸ 46 ಮಿ.ಮೀ. ಬೇರಿಂಗ್‌ಗೆ ಕಪ್ ಇರುತ್ತದೆ.
- ಬಿಬಿ86: ಅಗಲ 86.5, ಒಳವ್ಯಾಸ 41 ಮಿ.ಮೀ.
- ಬಿಬಿ386: ಅಗಲ 86.5, ಒಳವ್ಯಾಸ 46 ಮಿ.ಮೀ.

ಈಗ ಶೀರ್ಷಿಕೆಯ ಮಾತಿಗೆ ಬನ್ನಿ. ಬಿಎಸ್ಎ, ಬಿಬಿ30, ಪಿಎಫ್30 ಮೂರರ ಅಗಲವೂ 68. ಮೂರಕ್ಕೂ ಬೇಕಾದ ಬಿಬಿ ಬೇರೆ ಬೇರೆ. ‘68 ಮಿ.ಮೀ.’ ಎಂಬ ಒಂದೇ ಸಂಖ್ಯೆ ನೋಡಿ ಆರ್ಡರ್ ಮಾಡುವುದು ಊರಿನ ಹೆಸರಿಲ್ಲದೆ ಬರೀ ಮನೆ ನಂಬರ್ ಬರೆದು ಪತ್ರ ಹಾಕಿದಂತೆ.

2015ರಲ್ಲಿ ಬಂದ ಟಿ47 ಎಂಬ ಇನ್ನೊಂದು ಮಾದರಿಯೂ ಇದೆ. ಅದರ ಶೆಲ್ ಪ್ರೆಸ್‌ಫಿಟ್‌ನಷ್ಟೇ ದೊಡ್ಡದು, ಆದರೆ ಒಳಗೆ 47 ಮಿ.ಮೀ. ಥ್ರೆಡ್. ಪ್ರೆಸ್‌ಫಿಟ್‌ನ ಸದ್ದಿಗೆ ಬೇಸತ್ತವರಿಗೆ ಸಿಕ್ಕ ಉತ್ತರ ಅದು.

ಅಳತೆ ಎರಡು: ಎಕ್ಸಲ್ ಎಷ್ಟು ದಪ್ಪ, ಎಷ್ಟು ಉದ್ದ?

ಫ್ರೇಮಿನ ಕಡೆ ಗೊತ್ತಾಯಿತು. ಇನ್ನು ಕ್ರ್ಯಾಂಕ್‌ನ ಕಡೆ. ಇಲ್ಲಿ ಕೇಳಬೇಕಾದ ಪ್ರಶ್ನೆ: ಎಕ್ಸಲ್ ಬಿಬಿಯ ಜೊತೆ ಬರುತ್ತದೋ, ಕ್ರ್ಯಾಂಕ್‌ನ ಜೊತೆ ಬರುತ್ತದೋ?

ಕಡಿಮೆ ಬೆಲೆಯ ಅನೇಕ ರೋಡ್ ಬೈಕ್‌ಗಳಲ್ಲಿ ಇರುವುದು ಚೌಕ ತುದಿಯ ಎಕ್ಸಲ್. ಇಂಗ್ಲಿಷಿನ ಹೆಸರು ಸ್ಕ್ವೇರ್ ಟೇಪರ್. ಇದರಲ್ಲಿ ಎಕ್ಸಲ್ ಬಿಬಿಯ ಅಂಗ. ಎರಡು ತುದಿಗಳು ಚೌಕಾಕಾರವಾಗಿದ್ದು ಹೊರಕ್ಕೆ ಹೋದಂತೆ ತೆಳ್ಳಗಾಗುತ್ತವೆ, ಅಲ್ಯೂಮಿನಿಯಂ ಕ್ರ್ಯಾಂಕ್ ಬೆಣೆಯಂತೆ ಅದರ ಮೇಲೆ ಏರಿ ಕೂರುತ್ತದೆ. ಇದರಲ್ಲೂ ಎರಡು ಪಂಗಡ: ಜಪಾನಿನ ಜೆಐಎಸ್ ಮತ್ತು ಐಎಸ್ಒ. ಇಳಿಜಾರಿನ ಕೋನ ಒಂದೇ, ತುದಿಯ ದಪ್ಪ ಬೇರೆ. ಐಎಸ್ಒ ಕ್ರ್ಯಾಂಕ್ ಅನ್ನು ಜೆಐಎಸ್ ಎಕ್ಸಲ್‌ಗೆ ಹಾಕಿದರೆ ಅದು ಸುಮಾರು 4.5 ಮಿ.ಮೀ. ಹೊರಗೇ ನಿಲ್ಲುತ್ತದೆ. ನೋಡುವವರಿಗೆ ಕೂತಂತೆ ಕಂಡರೂ ಹಿಡಿತ ಪೂರ್ತಿ ಇರುವುದಿಲ್ಲ. ಶಿಮಾನೊ ಮತ್ತು ಬಹುತೇಕ ಏಷ್ಯಾದ ತಯಾರಕರದು ಜೆಐಎಸ್, ಕ್ಯಾಂಪಗ್ನೋಲೊ ಮತ್ತು ಕೆಲವು ಯುರೋಪಿನ ಹಳೆಯ ಭಾಗಗಳದು ಐಎಸ್ಒ.

ಚೌಕ ಎಕ್ಸಲ್‌ನಲ್ಲಿ ಉದ್ದವೂ ಮುಖ್ಯ. 103, 107, 110, 113, 118, 122.5 ಹೀಗೆ ಹಲವು ಉದ್ದಗಳಲ್ಲಿ ಬರುತ್ತದೆ. ಯಾವ ಉದ್ದ ಬೇಕೆಂದು ಹೇಳುವುದು ಕ್ರ್ಯಾಂಕ್. ಹಳೆಯ ಬಿಬಿ ತೆಗೆದಾಗ ಅದರ ಮೈಮೇಲಿನ ಬರಹ ನೋಡಿ. 68 ಮತ್ತು 113 ಎಂಬ ಎರಡು ಸಂಖ್ಯೆ ಇದ್ದರೆ ಮೊದಲನೆಯದು ಶೆಲ್‌ನ ಅಗಲ, ಎರಡನೆಯದು ಎಕ್ಸಲ್‌ನ ಉದ್ದ. ಅಂಗಡಿಯಲ್ಲಿ ಎರಡನ್ನೂ ಹೇಳಬೇಕು.

2003ರ ಸುಮಾರಿಗೆ ಶಿಮಾನೊ ತಂದ ಹಾಲೋಟೆಕ್ 2 ವಿಧಾನದಲ್ಲಿ ಎಕ್ಸಲ್ ಕ್ರ್ಯಾಂಕ್‌ನ ಪಾಲಾಯಿತು. 24 ಮಿ.ಮೀ. ದಪ್ಪದ ಟೊಳ್ಳು ಉಕ್ಕಿನ ಕೊಳವೆ ಬಲಗಡೆಯ ತೋಳಿಗೆ ಶಾಶ್ವತವಾಗಿ ಅಂಟಿಕೊಂಡಿರುತ್ತದೆ. ಬೇರಿಂಗ್‌ಗಳು ಶೆಲ್‌ನ ಹೊರಗಿನ ಕಪ್‌ಗಳಲ್ಲಿ ಕೂರುತ್ತವೆ. ಎಡತೋಳನ್ನು ಎರಡು ಅಲೆನ್ ಬೋಲ್ಟ್‌ಗಳಿಂದ ಬಿಗಿದರೆ ಮುಗಿಯಿತು. ಸ್ರ್ಯಾಮ್ ಕಂಪನಿಯ ಜಿಎಕ್ಸ್‌ಪಿಯೂ ನೋಡಲು ಹಾಗೆಯೇ ಇದೆ, ಆದರೆ ಅದರ ಎಕ್ಸಲ್ ಬಲಗಡೆ 24, ಎಡಗಡೆ 22 ಮಿ.ಮೀ. ಒಂದರ ಬಿಬಿ ಇನ್ನೊಂದಕ್ಕೆ ಸಲ್ಲದು. ಸ್ರ್ಯಾಮ್‌ನ 2018ರ ಡಬ್ ಮಾದರಿಯ ಎಕ್ಸಲ್ 28.99 ಮಿ.ಮೀ., ಬಿಬಿ30 ಕುಲದ್ದು 30 ಮಿ.ಮೀ., ಕ್ಯಾಂಪಗ್ನೋಲೊದ ಅಲ್ಟ್ರಾ ಟಾರ್ಕ್ 25 ಮಿ.ಮೀ.

ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಒಂದು ಸರಳ ಸೂತ್ರವಿದೆ. ಸಣ್ಣ ಎಕ್ಸಲ್ಲನ್ನು ದೊಡ್ಡ ಶೆಲ್ಲಿಗೆ ಹೊಂದಿಸಬಹುದು, ದೊಡ್ಡ ಎಕ್ಸಲ್ಲನ್ನು ಸಣ್ಣ ಶೆಲ್ಲಿಗೆ ಹೊಂದಿಸುವುದು ಕಷ್ಟ ಅಥವಾ ಅಸಾಧ್ಯ. ಪ್ಲಂಬರ್ ಒಂದಿಂಚಿನ ಪೈಪಿಗೆ ರೆಡ್ಯೂಸರ್ ಹಾಕಿ ಅರ್ಧ ಇಂಚಿನ ನಲ್ಲಿ ಕೂರಿಸುತ್ತಾನಲ್ಲ, ಹಾಗೆ. ಪಿಎಫ್30 ಶೆಲ್ಲಿಗೆ ತಕ್ಕ ಬಿಬಿ ಹಾಕಿದರೆ 24 ಮಿ.ಮೀ. ಕ್ರ್ಯಾಂಕ್ ಚೆನ್ನಾಗಿ ಕೂರುತ್ತದೆ. ಆದರೆ ಬಿಬಿ30 ಕ್ರ್ಯಾಂಕ್‌ನ ಎಕ್ಸಲ್ ದಪ್ಪವೂ ಹೌದು, ಗಿಡ್ಡವೂ ಹೌದು. ಬಿಎಸ್ಎ ಶೆಲ್‌ನ ಹೊರಗೆ ಕಪ್‌ಗಳು ಬಂದ ಮೇಲೆ ಅದು ಆ ಕಡೆಯಿಂದ ಈ ಕಡೆಗೆ ಮುಟ್ಟುವುದೇ ಇಲ್ಲ. 30 ಮಿ.ಮೀ. ಎಕ್ಸಲ್ಲೇ ಬೇಕೆಂದರೆ ಉದ್ದ ಎಕ್ಸಲ್‌ನ ಕ್ರ್ಯಾಂಕ್ ಬೇಕು. ಆಗಲೂ ಬೇರಿಂಗ್‌ನ ಗುಂಡುಗಳಿಗೆ ಉಳಿಯುವ ಜಾಗ ಕಡಿಮೆ. ಗುಂಡು ಸಣ್ಣದಾದಷ್ಟೂ ಅದರ ಆಯಸ್ಸೂ ಕಡಿಮೆಯಾಗುತ್ತದೆ.

ಅಳತೆ ಮೂರು: ಚೈನ್‌ಲೈನ್

ಶೆಲ್ಲಿಗೂ ಎಕ್ಸಲ್ಲಿಗೂ ಹೊಂದಿದರೆ ಕೆಲಸ ಮುಗಿದಂತಲ್ಲ. ಮುಂದಿನ ಚೈನ್‌ರಿಂಗ್‌ಗಳು ಹಿಂದಿನ ಹಲ್ಲುಚಕ್ರಗಳಿಗೆ ನೇರವಾಗಿ ನಿಂತಿವೆಯೇ ಎಂದು ನೋಡಬೇಕು. ಫ್ರೇಮಿನ ನಡುಗೆರೆಯಿಂದ ಎರಡು ರಿಂಗ್‌ಗಳ ನಡುವಿನ ಜಾಗದವರೆಗಿನ ದೂರವೇ ಚೈನ್‌ಲೈನ್. ಎರಡು ರಿಂಗ್‌ನ ರೋಡ್ ಬೈಕ್‌ಗೆ ಇದು ಸಾಮಾನ್ಯವಾಗಿ 43.5 ಮಿ.ಮೀ., ಡಿಸ್ಕ್ ಬ್ರೇಕ್ ಬಂದ ಮೇಲಿನ ಹಲವು ಬೈಕ್‌ಗಳಲ್ಲಿ ಅದಕ್ಕಿಂತ ಸುಮಾರು ಒಂದು ಮಿ.ಮೀ. ಹೆಚ್ಚು.

ಅಳೆಯುವುದು ಸುಲಭ. ಸೀಟ್ ಕೊಳವೆಯ ವ್ಯಾಸ ಅಳೆದು ಅರ್ಧ ಮಾಡಿ. ಕೊಳವೆಯ ಬಲ ಅಂಚಿನಿಂದ ಎರಡು ರಿಂಗ್‌ಗಳ ನಡುವಿನ ತನಕ ಅಳೆಯಿರಿ. ಎರಡನ್ನೂ ಕೂಡಿಸಿ. ಚೌಕ ಎಕ್ಸಲ್ ಇದ್ದರೆ ಈ ಸಂಖ್ಯೆಯನ್ನು ಎಕ್ಸಲ್‌ನ ಉದ್ದದಿಂದ ಸರಿಪಡಿಸಬಹುದು. ಎರಡೂ ಬದಿ ಸಮ ಇರುವ ಎಕ್ಸಲ್‌ನಲ್ಲಿ 110ರ ಬದಲು 113 ಹಾಕಿದರೆ ಆ 3 ಮಿ.ಮೀ. ಎರಡೂ ಬದಿಗೆ ಹಂಚಿಹೋಗಿ ರಿಂಗ್ 1.5 ಮಿ.ಮೀ. ಹೊರಕ್ಕೆ ಬರುತ್ತದೆ. ಎಕ್ಸಲ್ ತೀರಾ ಗಿಡ್ಡವಾದರೆ ಒಳಗಿನ ರಿಂಗ್ ಫ್ರೇಮಿಗೆ ಉಜ್ಜುತ್ತದೆ. ತೀರಾ ಉದ್ದವಾದರೆ ಮುಂದಿನ ಡಿರೈಲರ್ ಹೊರಗಿನ ರಿಂಗ್‌ಗೆ ಚೈನನ್ನು ಏರಿಸಲಾರದು.

ಮೌಂಟನ್ ಬೈಕ್‌ನ ಕ್ರ್ಯಾಂಕ್ ಅನ್ನು ರೋಡ್ ಬೈಕ್‌ಗೆ ಹಾಕಲು ಹೊರಟವರು ಎಡವುವುದು ಇಲ್ಲೇ. ಅದರ ಚೈನ್‌ಲೈನ್ 50 ಮಿ.ಮೀ. ಆಸುಪಾಸು. ಕೂರುವುದೇನೋ ಕೂರುತ್ತದೆ, ಚೈನು ಮಾತ್ರ ಸದಾ ಹೊರಕ್ಕೆ ಎಳೆದುಕೊಂಡು ಓಡುತ್ತದೆ.

ಬಲಗಡೆ ಏಕೆ ಉಲ್ಟಾ ತಿರುಪು?

ಬಿಎಸ್ಎ ಶೆಲ್‌ನಲ್ಲಿ ಎಡಗಡೆಯ ಕಪ್ ಎಲ್ಲ ನಟ್‌ಗಳಂತೆ ಗಡಿಯಾರದ ದಿಕ್ಕಿಗೆ ಬಿಗಿಯುತ್ತದೆ. ಬಲಗಡೆಯದು, ಅಂದರೆ ಚೈನ್ ಇರುವ ಬದಿಯದು, ಅದರ ವಿರುದ್ಧ. ಇದು ಗೊತ್ತಿಲ್ಲದೆ ‘ಜಾಮ್ ಆಗಿದೆ’ ಎಂದುಕೊಂಡು ಪಾನಾಕ್ಕೆ ಪೈಪ್ ಸೇರಿಸಿ ಒತ್ತಿದರೆ ಕಪ್ ಇನ್ನಷ್ಟು ಬಿಗಿಯಾಗುತ್ತದೆ, ಕೊನೆಗೆ ಥ್ರೆಡ್ ಕಿತ್ತು ಬರುತ್ತದೆ. ಫ್ರೇಮುಗಳು ಹಾಳಾಗುವ ಒಂದು ಮುಖ್ಯ ದಾರಿ ಇದು.

ಉಲ್ಟಾ ಇರುವುದಕ್ಕೆ ಕಾರಣವನ್ನು ಎರಡು ಬಳೆಗಳಿಂದ ತಿಳಿಯಬಹುದು. ದೊಡ್ಡ ಬಳೆಯನ್ನು ಮೇಜಿನ ಮೇಲೆ ಅಲುಗದಂತೆ ಹಿಡಿದುಕೊಳ್ಳಿ. ಅದರೊಳಗೆ ಸ್ವಲ್ಪವೇ ಚಿಕ್ಕದಾದ ಬಳೆಯನ್ನಿಟ್ಟು ಅದಕ್ಕೊಂದು ಗುರುತು ಹಾಕಿ. ಚಿಕ್ಕ ಬಳೆ ದೊಡ್ಡದರ ಒಳಗೋಡೆಗೆ ತಾಗಿಕೊಂಡು, ಜಾರದೆ ಉರುಳುವಂತೆ ಗಡಿಯಾರದ ದಿಕ್ಕಿನಲ್ಲಿ ಸುತ್ತಿಸಿ. ಎರಡೂ ತಾಗುವ ಬಿಂದು ಗಡಿಯಾರದಂತೆ ಸುತ್ತುತ್ತದೆ. ಗುರುತು ಮಾತ್ರ ನಿಧಾನವಾಗಿ ವಿರುದ್ಧ ದಿಕ್ಕಿಗೆ ಸರಿಯುತ್ತದೆ.

ಶೆಲ್ ದೊಡ್ಡ ಬಳೆ, ಕಪ್ ಚಿಕ್ಕ ಬಳೆ. ಎಷ್ಟೇ ಬಿಗಿದರೂ ಥ್ರೆಡ್‌ಗಳ ನಡುವೆ ಕೂದಲೆಳೆಯಷ್ಟು ಅಂತರ ಉಳಿಯುತ್ತದೆ. ಪೆಡಲ್ ತುಳಿದಂತೆಲ್ಲ ಒತ್ತಡದ ಬಿಂದು ಸುತ್ತುತ್ತದೆ, ಕಪ್ ವಿರುದ್ಧ ದಿಕ್ಕಿಗೆ ತೆವಳಲು ನೋಡುತ್ತದೆ. ಬಲಗಡೆಯಿಂದ ನೋಡಿದರೆ ಕ್ರ್ಯಾಂಕ್ ಸುತ್ತುವುದು ಗಡಿಯಾರದಂತೆ, ಕಪ್ ತೆವಳುವುದು ಅದರ ವಿರುದ್ಧ. ಸಾಮಾನ್ಯ ತಿರುಪಾಗಿದ್ದರೆ ಕಪ್ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ಉಲ್ಟಾ ತಿರುಪಾದ್ದರಿಂದ ಬಿಗಿಯುತ್ತದೆ. ಇಟಾಲಿಯನ್ ಶೆಲ್‌ನಲ್ಲಿ ಎರಡೂ ಕಡೆ ಸಾಮಾನ್ಯ ತಿರುಪು ಇರುವುದರಿಂದಲೇ ಅದರ ಬಲಗಡೆಯ ಕಪ್ ಸಡಿಲವಾಗುವ ದೂರು ಹೆಚ್ಚು.

ನೆನಪಿಗೆ ಒಂದು ದಾರಿ ಇದೆ. ಪಾನಾದ ಹಿಡಿ ಮೇಲ್ಮುಖವಾಗಿರಲಿ. ಬಿಎಸ್ಎ ಕಪ್‌ಗಳನ್ನು ಎರಡೂ ಬದಿಯಲ್ಲಿ ಬಿಚ್ಚಲು ಹಿಡಿಯನ್ನು ಮುಂದಿನ ಗಾಲಿಯ ಕಡೆಗೆ ತಿರುಗಿಸಿ, ಬಿಗಿಯಲು ಹಿಂದಿನ ಗಾಲಿಯ ಕಡೆಗೆ. ಪೆಡಲ್‌ಗಳಿಗೆ ಇದರ ತದ್ವಿರುದ್ಧ: ಬಿಚ್ಚಲು ಹಿಂದಕ್ಕೆ, ಬಿಗಿಯಲು ಮುಂದಕ್ಕೆ.

ಕೇಳಿಬರುವ ನಂಬಿಕೆಗಳು ಎಷ್ಟು ನಿಜ?

*‘ಎಕ್ಸಲ್ ದಪ್ಪ ಇದ್ದಷ್ಟೂ ವೇಗ ಹೆಚ್ಚು.’* ಅರ್ಧ ನಿಜ. ದಪ್ಪ ಟೊಳ್ಳು ಕೊಳವೆ ತೆಳ್ಳಗಿನ ಗಟ್ಟಿ ಸರಳಿಗಿಂತ ಕಡಿಮೆ ತಿರುಚಿಕೊಳ್ಳುತ್ತದೆ ಎಂಬುದು ಭೌತಶಾಸ್ತ್ರ. ತಿರುಚುವಿಕೆಗೆ ತೋರುವ ಪ್ರತಿರೋಧ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 17 ಮಿ.ಮೀ. ಗಟ್ಟಿ ಸರಳು ಮತ್ತು 2 ಮಿ.ಮೀ. ಗೋಡೆಯ 24 ಮಿ.ಮೀ. ಕೊಳವೆಯನ್ನು ಹೋಲಿಸಿ ಲೆಕ್ಕ ಹಾಕಿದರೆ ಕೊಳವೆಯ ಗಡಸು ಎರಡು ಪಟ್ಟು, ತೂಕ ಸುಮಾರು 60 ಪ್ರತಿಶತ. ಚೌಕ ಎಕ್ಸಲ್‌ನಿಂದ 24ಕ್ಕೆ ಬಂದದ್ದರಿಂದ ಲಾಭವಾಗಿದೆ. ಆದರೆ ಅದು ವೇಗವಾಗಿ ಕಾಣುವುದು ಪೂರ್ತಿ ಬಲ ಹಾಕಿ ಸ್ಪ್ರಿಂಟ್ ಮಾಡುವವರಿಗೆ ಮಾತ್ರ. ಕಮಲಾಪುರದ ಕೆಂಪು ಬಾಳೆ ತಿಂದು ವಾಪಸಾಗುವ ಭಾನುವಾರದ ಸವಾರಿಗೆ 24ರಿಂದ 30ಕ್ಕೆ ಹೋದರೆ ವ್ಯತ್ಯಾಸ ತಿಳಿಯದು.

*‘ಸೆರಾಮಿಕ್ ಬೇರಿಂಗ್ ಹಾಕಿದರೆ ಗಾಳಿಯಂತೆ ಓಡುತ್ತದೆ.’* ಗಂಟೆಗೆ 30 ಕಿ.ಮೀ. ವೇಗದಲ್ಲಿ ಗಾಳಿಯನ್ನು ಸೀಳಲು ಸವಾರನಿಗೆ ಸುಮಾರು ನೂರು ವ್ಯಾಟ್ ಬೇಕು. ಸುಸ್ಥಿತಿಯಲ್ಲಿರುವ ಸಾಮಾನ್ಯ ಉಕ್ಕಿನ ಬಿಬಿ ನುಂಗುವುದು ಒಂದೆರಡು ವ್ಯಾಟ್. ಆ ಒಂದೆರಡನ್ನು ಪೂರ್ತಿ ಉಳಿಸಿದರೂ, ಮೈ ಸ್ವಲ್ಪ ಬಗ್ಗಿಸಿ ಕುಳಿತರೆ ಆಗುವ ಉಳಿತಾಯಕ್ಕೆ ಅದು ಸಮವಾಗದು.

*‘ಕಟ್ ಕಟ್ ಸದ್ದು ಬಂದರೆ ಬಿಬಿ ಹೋಯಿತು.’* ಎಷ್ಟೋ ಸಲ ತಪ್ಪು. ಫ್ರೇಮಿನ ಕೊಳವೆಗಳು ತಬಲಾದಂತೆ ಸದ್ದನ್ನು ಸಾಗಿಸುತ್ತವೆ. ಎಲ್ಲಿಂದ ಬಂದರೂ ಅದು ಕಾಲ ಬುಡದಿಂದ ಬಂದಂತೆ ಕೇಳಿಸುತ್ತದೆ. ಬಿಬಿಗೆ ಕೈ ಹಾಕುವ ಮುನ್ನ ಪೆಡಲ್‌ಗಳನ್ನು ಬಿಚ್ಚಿ ಗ್ರೀಸ್ ಹಚ್ಚಿ ಮತ್ತೆ ಬಿಗಿಯಿರಿ, ಚೈನ್‌ರಿಂಗ್ ಬೋಲ್ಟ್‌ಗಳನ್ನು ಪರೀಕ್ಷಿಸಿ, ಹಿಂದಿನ ಗಾಲಿಯ ಹಿಡಿತ ನೋಡಿ. ಸೀಟಿನಿಂದ ಎದ್ದು ನಿಂತು ತುಳಿದಾಗ ಸದ್ದು ನಿಂತರೆ ತಪ್ಪು ಸೀಟ್‌ಪೋಸ್ಟ್‌ನದು.

ಬಿಬಿಯದೇ ಎಂದು ಖಚಿತಪಡಿಸಲು ಚೈನನ್ನು ರಿಂಗ್‌ನಿಂದ ಇಳಿಸಿ ಕ್ರ್ಯಾಂಕ್ ತಿರುಗಿಸಿ. ಒಳಗೆ ಮರಳು ಅರೆದಂತಾದರೆ ಬೇರಿಂಗ್ ಸವೆದಿದೆ. ಬಳಿಕ ತೋಳುಗಳನ್ನು ಹಿಡಿದು ಪಕ್ಕಕ್ಕೆ ಅಲುಗಿಸಿ. ಎರಡೂ ತೋಳು ಒಟ್ಟಿಗೆ ಅಲುಗಿದರೆ ಬೇರಿಂಗ್ ಅಥವಾ ಕಪ್ ಸಡಿಲ. ಒಂದೇ ತೋಳು ಅಲುಗಿದರೆ ಆ ತೋಳಿನ ಬೋಲ್ಟ್ ಸಡಿಲ. ಎರಡನೆಯ ಸ್ಥಿತಿಯಲ್ಲಿ ಸೈಕಲ್ ಓಡಿಸಲೇಬೇಡಿ. ಸಡಿಲ ತೋಳು ಕೆಲವೇ ಕಿ.ಮೀ.ಗಳಲ್ಲಿ ಹಾಳಾಗಬಹುದು, ಲಾರಿಗಳ ನಡುವೆ ಹೆದ್ದಾರಿಯಲ್ಲಿ ಕಳಚಿಕೊಳ್ಳಲೂಬಹುದು.

*‘ಪ್ರೆಸ್‌ಫಿಟ್ ನಮ್ಮ ಬಿಸಿಲಿಗೆ ಸಡಿಲವಾಗುತ್ತದೆ.’* ಕಲಬುರಗಿಯ ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸದಲ್ಲ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 42 ಮಿ.ಮೀ. ಒಳವ್ಯಾಸದ ಅಲ್ಯೂಮಿನಿಯಂ ಶೆಲ್ ಮತ್ತು ಉಕ್ಕಿನ ಬೇರಿಂಗ್ ಎರಡೂ 30 ಡಿಗ್ರಿಯಷ್ಟು ಬಿಸಿಯಾದರೆ ಅವುಗಳ ಹಿಗ್ಗುವಿಕೆಯ ಅಂತರ ಸುಮಾರು 0.014 ಮಿ.ಮೀ. ಸರಿಯಾಗಿ ಕೊರೆದ ಫ್ರೇಮಿಗೆ ಇದು ತೊಂದರೆ ಕೊಡದು. ಆದರೆ ಒತ್ತಿ ಕೂರಿಸುವ ಬಿಗಿತವೇ ಮಿ.ಮೀ.ನ ನೂರರಲ್ಲಿ ಕೆಲವು ಪಾಲು ಮಾತ್ರ. ತಯಾರಿಕೆಯಲ್ಲೇ ಶೆಲ್ ಕೊಂಚ ಅಗಲವಾಗಿದ್ದರೆ ಅಥವಾ ಎರಡು ಬದಿಯ ರಂಧ್ರಗಳು ಒಂದೇ ರೇಖೆಯಲ್ಲಿ ಇಲ್ಲದಿದ್ದರೆ ಬಿಸಿಲು ಆ ತಪ್ಪನ್ನು ಎತ್ತಿ ತೋರಿಸುತ್ತದೆ. ದೋಷ ಬಿಸಿಲಿನದಲ್ಲ, ಕೊರೆತದ್ದು. ಅಂಥ ಫ್ರೇಮ್ ಇರುವವರಿಗೆ, ಎರಡು ಕಪ್‌ಗಳು ಶೆಲ್ಲಿನ ಒಳಗೆ ಒಂದಕ್ಕೊಂದು ತಿರುಪಿನಿಂದ ಬಿಗಿದುಕೊಳ್ಳುವ ಮಾದರಿಯ ಬಿಬಿ ಒಳ್ಳೆಯ ಪರಿಹಾರ.

ಕ್ರ್ಯಾಂಕ್ ಆರಿಸುವಾಗ ಹಲ್ಲು ಎಣಿಸಿ

ಹೊಂದಾಣಿಕೆ ಎಂದರೆ ಲೋಹಕ್ಕೆ ಲೋಹ ಹೊಂದುವುದಷ್ಟೇ ಅಲ್ಲ, ಕಾಲಿಗೂ ದಾರಿಗೂ ಹೊಂದಬೇಕು. ಕಲಬುರಗಿಯಿಂದ ಕಮಲಾಪುರ ದಾಟಿ ಹುಮನಾಬಾದ್ ಕಡೆಗೆ ಹೋದಂತೆ ನೆಲ ಒಟ್ಟು 150 ಮೀಟರಿಗೂ ಹೆಚ್ಚು ಏರುತ್ತದೆ. ತೊಗರಿ ಹೊಲಗಳ ಬಯಲಿನಲ್ಲಿ ಎದುರುಗಾಳಿಯನ್ನು ತಡೆಯುವ ಮರೆಯೂ ಕಡಿಮೆ.

ರೇಸಿಗಾಗಿ ಮಾಡಿದ ಕ್ರ್ಯಾಂಕ್‌ನಲ್ಲಿ ರಿಂಗ್‌ಗಳು 53 ಮತ್ತು 39 ಹಲ್ಲಿನವು. ಕಾಂಪ್ಯಾಕ್ಟ್ ಎನ್ನುವುದರಲ್ಲಿ 50 ಮತ್ತು 34. ಮುಂದೆ 39, ಹಿಂದೆ 25 ಹಲ್ಲು ಇದ್ದರೆ ಒಂದು ಸುತ್ತಿಗೆ ಸೈಕಲ್ ಸುಮಾರು 3.3 ಮೀಟರ್ ಸಾಗುತ್ತದೆ. 34 ಮತ್ತು 32 ಇದ್ದರೆ ಸುಮಾರು 2.2 ಮೀಟರ್. ಏರಿನಲ್ಲಿ ಎರಡನೆಯದು ಮೊಣಕಾಲಿಗೆ ಹಗುರ. ಹಳೆಯ 53/39 ಕ್ರ್ಯಾಂಕ್‌ಗೆ ಬರೀ 34ರ ರಿಂಗ್ ತಂದು ಹಾಕೋಣ ಎಂದರೆ ಆಗದು. ರಿಂಗ್ ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ ಅದರಲ್ಲಿ ಹೆಚ್ಚಾಗಿ 130 ಮಿ.ಮೀ., ಅದಕ್ಕೆ 38ಕ್ಕಿಂತ ಚಿಕ್ಕ ರಿಂಗ್ ಕೂರುವುದಿಲ್ಲ. 34 ಬೇಕಾದರೆ 110 ಮಿ.ಮೀ. ವೃತ್ತದ ಕ್ರ್ಯಾಂಕೇ ಬೇಕು. ದೊಡ್ಡ ರಿಂಗ್ 53ರಿಂದ 50ಕ್ಕೆ ಇಳಿದರೆ ಮುಂದಿನ ಡಿರೈಲರನ್ನೂ ಅಷ್ಟು ಕೆಳಗೆ ಇಳಿಸಬೇಕು ಎಂಬುದು ನೆನಪಿರಲಿ.

ಕಲಬುರಗಿಯಂಥ ಊರಿನಲ್ಲಿ ಯಾವುದು ಜಾಣತನ?

ಇಲ್ಲಿನ ಕರಿಮಣ್ಣು ಬೇಸಿಗೆಯಲ್ಲಿ ನುಣ್ಣನೆಯ ಧೂಳು, ಮಳೆಗಾಲದಲ್ಲಿ ಅಂಟಿನ ಮುದ್ದೆ. ನೀರು ಕುಡಿದು ಉಬ್ಬುವ ಈ ಜೇಡಿ ಕ್ರ್ಯಾಂಕ್ ಮತ್ತು ಕಪ್‌ನ ನಡುವಿನ ಸಂದಿಗೆ ಮೆತ್ತಿಕೊಂಡು ಸೀಲ್ ಅನ್ನು ತಿನ್ನುತ್ತದೆ. ಹಾಗಾಗಿ ಬಿಬಿ ಇಲ್ಲಿ ಆಗಾಗ ಬದಲಿಸಬೇಕಾದ ಭಾಗ. ‘ಯಾವುದು ಅತ್ಯುತ್ತಮ’ ಎಂಬುದಕ್ಕಿಂತ ‘ಯಾವುದನ್ನು ಇಲ್ಲೇ ಬಿಚ್ಚಿ ಇಲ್ಲೇ ಹಾಕಬಹುದು’ ಎಂಬ ಪ್ರಶ್ನೆಗೆ ಇಲ್ಲಿ ಹೆಚ್ಚು ತೂಕ.

ಹೊಸ ಬೈಕ್ ಕೊಳ್ಳುವವರಿಗೆ ಉತ್ತರ ಸರಳ: ಬಿಎಸ್ಎ ಥ್ರೆಡ್‌ನ ಶೆಲ್, ಅದಕ್ಕೆ 24 ಮಿ.ಮೀ. ಎಕ್ಸಲ್‌ನ ಕ್ರ್ಯಾಂಕ್ ಅಥವಾ ಚೌಕ ಎಕ್ಸಲ್‌ನ ಮುಚ್ಚಿದ ಕಾರ್ಟ್ರಿಡ್ಜ್. ಎರಡಕ್ಕೂ ಬದಲಿ ಭಾಗ ಸುಲಭವಾಗಿ ಸಿಗುತ್ತದೆ, ಉಪಕರಣ ಅಗ್ಗ. ಪ್ರೆಸ್‌ಫಿಟ್ ಕೂರಿಸಲು ಸರಿಯಾದ ಪ್ರೆಸ್ ಬೇಕು. ಮರದ ತುಂಡು ಇಟ್ಟು ಬಡಿದರೆ ಬೇರಿಂಗ್ ವಾರೆಯಾಗಿ ಕೂರುತ್ತದೆ.

ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವವರು ಕ್ರ್ಯಾಂಕ್ ತಿರುಗಿಸಿ ನೋಡುವುದರ ಜೊತೆಗೆ, ಸಾಧ್ಯವಾದರೆ ಕಪ್ ಬಿಚ್ಚಿಸಿ ಥ್ರೆಡ್ ನೋಡಿ. ಬಣ್ಣ ಮಾಸಿದ ಫ್ರೇಮನ್ನು ಸುಧಾರಿಸಬಹುದು, ಥ್ರೆಡ್ ಕಿತ್ತುಹೋದ ಶೆಲ್ಲನ್ನು ಸುಧಾರಿಸುವುದು ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ.

ಬಿಬಿ ಹಾಕುವಾಗ ಥ್ರೆಡ್‌ಗೆ ಗ್ರೀಸ್ ಹಚ್ಚಿ. ಮೊದಲ ನಾಲ್ಕೈದು ಸುತ್ತು ಕೈಯಿಂದಲೇ ತಿರುಗಬೇಕು. ತಿರುಗದಿದ್ದರೆ ವಾರೆಯಾಗಿ ಹಿಡಿದಿದೆ ಎಂದರ್ಥ, ಬಿಚ್ಚಿ ಮತ್ತೆ ಶುರು ಮಾಡಿ. ಶಿಮಾನೊದ ಹೊರಗಪ್‌ಗಳಿಗೆ 35ರಿಂದ 50 ನ್ಯೂಟನ್ ಮೀಟರ್, ಎಡತೋಳಿನ ಎರಡು ಬೋಲ್ಟ್‌ಗಳಿಗೆ 12ರಿಂದ 14 ನ್ಯೂಟನ್ ಮೀಟರ್ ಬಿಗಿತ ಸಾಕು. ಆ ತೋಳಿನ ತುದಿಯ ಪ್ಲಾಸ್ಟಿಕ್ ಮುಚ್ಚಳವನ್ನು ಮಾತ್ರ ಬೆರಳಿನ ಬಲದಿಂದ ಬಿಗಿಯಿರಿ. ಅದರ ಕೆಲಸ ಆಟ ತೆಗೆಯುವುದಷ್ಟೇ, ಅತಿಯಾದರೆ ಬೇರಿಂಗ್ ಬೇಗ ಸವೆಯುತ್ತದೆ. ಚೌಕ ಎಕ್ಸಲ್‌ನಿಂದ ತೋಳನ್ನು ತೆಗೆಯಲು ಕ್ರ್ಯಾಂಕ್ ಪುಲ್ಲರ್ ಇದೆ, ಸುತ್ತಿಗೆ ಬೇಡ. ಸೈಕಲ್ ತೊಳೆಯುವಾಗ ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರನ್ನು ಬಿಬಿಗೆ ನೇರವಾಗಿ ಹಿಡಿಯಬೇಡಿ. ಶೆಲ್‌ನ ತಳದಲ್ಲಿ ನೀರು ಇಳಿಯಲು ಚಿಕ್ಕ ರಂಧ್ರವಿದ್ದರೆ ಅದು ಮಣ್ಣಿನಿಂದ ಮುಚ್ಚಿಹೋಗದಂತೆ ನೋಡಿಕೊಳ್ಳಿ. ಸೀಟ್ ಕೊಳವೆಯಿಂದ ಇಳಿದ ಮಳೆನೀರು ನಿಲ್ಲುವುದು ಅಲ್ಲಿಯೇ.

ಆರ್ಡರ್ ಮಾಡುವ ಮುನ್ನ ಒಂದು ಚೀಟಿಯಲ್ಲಿ ಇಷ್ಟನ್ನು ಬರೆದುಕೊಳ್ಳಿ: ಶೆಲ್ ಥ್ರೆಡ್‌ದೋ ಪ್ರೆಸ್‌ಫಿಟ್ಟೋ, ಅದರ ಅಗಲ, ಒಳವ್ಯಾಸ, ಎಕ್ಸಲ್ ಯಾವ ಬಗೆ, ಎಷ್ಟು ದಪ್ಪ, ಚೌಕವಾದರೆ ಎಷ್ಟು ಉದ್ದ, ಈಗಿನ ಚೈನ್‌ಲೈನ್, ರಿಂಗ್‌ಗಳ ಹಲ್ಲು ಮತ್ತು ಬೋಲ್ಟ್ ವೃತ್ತ, ಕೂರಿಸಲು ಬೇಕಾದ ಉಪಕರಣ ಊರಿನಲ್ಲಿ ಯಾರ ಬಳಿ ಇದೆ. ಐದೂ ಸಾಲು ತುಂಬಿದ ಮೇಲೆ ಅಂಗಡಿಗೆ ಫೋನ್ ಮಾಡಿ. ಒಂದು ಸಾಲು ಖಾಲಿ ಉಳಿದಿದ್ದರೂ ಹಣ ಕಟ್ಟಬೇಡಿ, ಮತ್ತೊಮ್ಮೆ ಅಳೆಯಿರಿ.